ಸೀಟಿನ ಹಿಂದಿನ ಉಬ್ಬು

ಜನವರಿ ೧೨

ಮಗನೇ,

ನಿಮ್ಮ ಟ್ರ್ಯಾಕಿನ ಗೇಟಿನಲ್ಲಿ ಫೋನು ಕಿತ್ತಿಟ್ಟುಕೊಳ್ಳುವ ಪುಣ್ಯಾತ್ಮರಿಗೆ ನನ್ನ ನಮಸ್ಕಾರ ಹೇಳು. ಹೊಸ ಕಾರಿನ ಫೋಟೋ ಹೊರಗೆ ಹೋದೀತೆಂಬ ಹೆದರಿಕೆ ಅವರಿಗೆ, ಈ ವಯಸ್ಸಿನಲ್ಲಿ ಪೆನ್ನು ಹಿಡಿಯುವ ಶಿಕ್ಷೆ ನನಗೆ. ಇರಲಿ, ಇವತ್ತು ಬರೆಯುವುದಕ್ಕೆ ವಿಷಯ ಇದೆ. ನೀವು ಓಡಿಸಿ ಪರೀಕ್ಷೆ ಮಾಡಬೇಕಾದ ಕಾರನ್ನು ನಿನಗಿಂತ ಮೊದಲು ನಾನೇ ನೋಡಿ ಬಂದೆ!

ನಿಮ್ಮ ಕಂಪನಿಯವರು ನಮ್ಮ ಕಾರುಪ್ರಿಯರ ಕ್ಲಬ್ಬಿನವರನ್ನೆಲ್ಲ ವಿನ್ಯಾಸದ ಕೋಣೆಗೆ ಕರೆಸಿದ್ದರು, ಅಭಿಪ್ರಾಯ ಕೇಳುವುದಕ್ಕೆ. ಕಾರು ಇನ್ನೂ ಮಣ್ಣಿನದು. ಕಂದು ಜೇಡಿಯಲ್ಲಿ ನಿಜವಾದ ಕಾರಿನಷ್ಟೇ ದೊಡ್ಡದಾಗಿ ಮಾಡಿ ನಿಲ್ಲಿಸಿದ್ದಾರೆ. ಒಳಗೆ ಸೀಟಿಲ್ಲ, ಸ್ಟಿಯರಿಂಗ್ ಇಲ್ಲ, ಆ ಜಾಗಕ್ಕೆ ಒಂದು ಕಪ್ಪು ಬಟ್ಟೆ ಮುಚ್ಚಿದ್ದಾರೆ. ಮೇಲೆ ತಗಡಿಲ್ಲದ, ಬಟ್ಟೆಯ ಹುಡ್ ಮಡಚಿ ಹಿಂದಕ್ಕೆ ಹಾಕುವ ಕಾರು. ಜೀಪುಗಳಿಗೂ ಹಳೇ ಕಾರುಗಳಿಗೂ ಹುಡ್ ಹೊಲಿದೇ ನಿನ್ನನ್ನು ಓದಿಸಿದವಳು ನಾನು. ನೋಡಿದ ಕೂಡಲೇ ಕೈ ಕಡಿಯತೊಡಗಿತು.

ನಮ್ಮವರು ಸುಮ್ಮನಿರುತ್ತಾರೆಯೇ? ಕ್ಲಬ್ಬಿನ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಮುಂಭಾಗ ನೋಡಿ, "ಇದೇನು, ಇಷ್ಟಗಲ ಬಾಯಿ ತೆಕ್ಕೊಂಡು ನಿಂತಿದೆ? ನನ್ನ ಕುರ್ಚಿ ಮೇಲೆ ಕೂತಿರೋ ಹಾಗೆ!" ಅಂದರು. ಗಡಿಯಾರದಂಗಡಿಯವರು ಬಗ್ಗಿ ಬಗ್ಗಿ ಬಾಗಿಲಿನ ಗೆರೆ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. ನಿಜವಾಗಿ ಅಷ್ಟು ಚೆಂದ ಇದೆ ಆ ಗೆರೆ. ಆದರೆ ಸೀಟುಗಳ ಹಿಂದೆ, ಆ ಕಡೆಗೊಂದು ಈ ಕಡೆಗೊಂದು, ಎರಡು ಉಬ್ಬು ಕಣೋ! ಮಡಕೆ ಕವುಚಿಟ್ಟ ಹಾಗೆ. ಗಾಜಿನ ತುದಿಯಿಂದ ಹಿಂದಕ್ಕೆ ಹರಿದು ಹೋಗಬೇಕಾದ ಗೆರೆ ಅಲ್ಲಿ ಬಂದು ಎಡವಿ ಬೀಳುತ್ತದೆ. ಹುಡ್ ಮಡಚಿದರೆ ಬಟ್ಟೆ ಅಲ್ಲೇ ಸುಕ್ಕಾಗುವುದು ಖಂಡಿತ.

ವಿನ್ಯಾಸ ಮಾಡಿದ ಹುಡುಗಿ ಅಲ್ಲೇ ನಿಂತಿದ್ದಳು, ಉಗುರಿನೊಳಗೆಲ್ಲ ಮಣ್ಣು. "ಅದು ಅಲ್ಲಿ ಯಾಕಿದೆ ಅಂದ್ರೆ..." ಎಂದು ಏನೋ ಹೇಳಲು ಹೊರಟಳು. ನಮ್ಮ ಹಾರ್ನ್ ಬಿಡಬೇಕಲ್ಲ! ನಿನಗೆ ನೆನಪಿರಬೇಕು, ಬಾಯಿ ತೆರೆದರೆ ಮುಚ್ಚದ ಆ ಬಸ್ಸಿನ ಮಾಲೀಕ. "ಯಾಕಾದ್ರೂ ಇರ್ಲಿ ತಾಯಿ, ಚೆನ್ನಾಗಿಲ್ಲ ಅಷ್ಟೇ" ಅಂದುಬಿಟ್ಟ. ಎಲ್ಲರೂ ನಕ್ಕೆವು. ಕಂಪನಿಯ ದೊಡ್ಡವರು, "ಉಬ್ಬು ಬೇಡ ಅನ್ನೋರು ಕೈ ಎತ್ತಿ" ಅಂದರು. ಎಲ್ಲರ ಕೈಯೂ ಮೇಲೆ ಹೋಯಿತು. ಮೊದಲು ಹೋದದ್ದು ನಿನ್ನ ಅಮ್ಮನ ಕೈ. "ಹುಡ್ ಅಮ್ಮನೇ ಬೇಡ ಅಂದ್ಮೇಲೆ ಮುಗೀತು" ಎಂದು ಡಾಕ್ಟರು ಅಂದಾಗ ನನಗೆ ಎಷ್ಟು ಜಂಭ ಬಂತೆಂದು ಹೇಳಲಾರೆ.

ನಿಮ್ಮಪ್ಪನನ್ನು ಕರೆದರೆ ಬರಲಿಲ್ಲ. ಅವರಿಗೆ ಕಾರು ಅಂದರೆ ತಲೆ ತಗಲದೆ ಒಳಗೆ ಹೋಗುವಂತಿದ್ದರೆ ಸಾಕು. ಆ ಉದ್ದ ನಿನಗೂ ಬಂದಿದೆ. ಅಲ್ಲಿಯ ಬಾಗಿಲುಗಳಿಗೆ ಹಣೆ ಬಡಿದುಕೊಳ್ಳಬೇಡ.

ನಿನ್ನ ಅಮ್ಮ


ಫೆಬ್ರವರಿ ೨

ಅಮ್ಮ,

ನಿನ್ನ ಪತ್ರವನ್ನು ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹಾರ್ನ್ ಮಾಮನ ಮಾತಿಗೆ ತುಂಬ ನಕ್ಕರು.

ನಾನು ಚೆನ್ನಾಗಿದ್ದೇನೆ. ಟ್ರ್ಯಾಕಿನ ಒಳಗೇ ಕೊಟ್ಟಿರುವ ಕೋಣೆ ಚಿಕ್ಕದು, ಮಂಚ ನನಗಿಂತ ಗಿಡ್ಡ, ಕಾಲು ಹೊರಗೆ ಚಾಚಿಕೊಂಡೇ ಮಲಗುತ್ತೇನೆ. ಕಿಟಕಿ ತೆರೆದರೆ ಟ್ರ್ಯಾಕಿನ ಕೊನೆಯ ತಿರುವು ಕಾಣುತ್ತದೆ, ಸುಟ್ಟ ಟೈರಿನ ವಾಸನೆ ಒಳಗೇ ಬರುತ್ತದೆ.

ಶೆಡ್ಡಿನ ಮುಖ್ಯಸ್ಥರನ್ನು ಎಲ್ಲರೂ ಯಜಮಾನರು ಅನ್ನುತ್ತೇವೆ. ಅವರದು ಒಂದು ಪದ್ಧತಿ. ಕಾರು ಹೊರಡುವ ಮೊದಲು ಬಾಗಿಲ ಹತ್ತಿರ ಬಂದು, "ಹೇಗೆ?" ಎಂದು ಕೇಳುತ್ತಾರೆ. ನಾವು "ಸರಿ" ಅಂದರೆ ಕಾರು ಹೊರಡುತ್ತದೆ. "ಬೇಡ" ಅಂದರೆ ನಿಲ್ಲುತ್ತದೆ, ಯಾಕೆ ಎಂದು ಯಾರೂ ಕೇಳುವ ಹಾಗಿಲ್ಲ. ನಾನು ಬಂದಾಗಿನಿಂದ ಒಬ್ಬರೂ "ಬೇಡ" ಅಂದದ್ದನ್ನು ಕೇಳಿಲ್ಲ. ಅಂದವನು ಆಮೇಲೆ ಮುಖ ಎತ್ತಿಕೊಂಡು ಓಡಾಡುವುದು ಕಷ್ಟ.

ಹೊಸ ಕಾರು ಈ ತಿಂಗಳ ಕೊನೆಗೆ ಬರುತ್ತದಂತೆ. ಓಡಿಸುವುದಕ್ಕೆ ನನ್ನನ್ನೇ ಆರಿಸಿದ್ದಾರೆ.

ಒಂದು ಮಾತು. ಉಬ್ಬು ಅಲ್ಲಿ ಯಾಕಿದೆ ಎಂದು ಆ ಹುಡುಗಿ ಕೊನೆಗಾದರೂ ಹೇಳಿದಳಾ? ಪೂರ್ತಿ ತೆಗೆಯುತ್ತಾರಾ, ತಗ್ಗಿಸುತ್ತಾರಾ? ಸುಮ್ಮನೆ ಕೇಳಿದೆ.

ನಿನ್ನ ಮಗ


ಫೆಬ್ರವರಿ ೧೫

ಮಗನೇ,

ನೀನು ಹುಟ್ಟಿದಾಗಿನಿಂದ ಏನನ್ನೂ ಸುಮ್ಮನೆ ಕೇಳಿದವನಲ್ಲ. ಚಿಕ್ಕವನಿದ್ದಾಗ "ಅಮ್ಮ, ಗಾಜು ಒಡೆದರೆ ಅಂಟುತ್ತಾ? ಸುಮ್ಮನೆ ಕೇಳಿದೆ" ಅಂದಿದ್ದೆ. ಓಡಿ ಹೋಗಿ ನೋಡಿದರೆ ಪಕ್ಕದ ಮನೆಯ ಕಿಟಕಿ ಪುಡಿಪುಡಿ.

ಆ ಸಾಲು ಓದಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ವಿನ್ಯಾಸದ ಹುಡುಗಿಗೆ ಫೋನು ಮಾಡಿದೆ. "ಪೂರ್ತಿ ತೆಗೆದಿಲ್ಲಮ್ಮ, ತಗ್ಗಿಸಿದೀವಿ. ಕಾಗದದ ಮೇಲೆ ಸಾಕಾಗುತ್ತೆ" ಅಂದಳು. ಸಾಕಾಗುವುದು ಏನಕ್ಕೆ ಎಂದರೆ, "ನೀವು ಚಿಂತೆ ಮಾಡ್ಬೇಡಿ" ಅಂದಳು. ಯಾರಾದರೂ ಚಿಂತೆ ಮಾಡಬೇಡಿ ಅಂದರೆ ನನಗೆ ಚಿಂತೆ ಶುರುವಾಗುವುದೇ ಅಲ್ಲಿಂದ. ನಿಮ್ಮಪ್ಪ ನನ್ನ ಮುಖ ನೋಡಿ, "ಏನಾಯ್ತು?" ಅಂದರು. ಏನಿಲ್ಲ ಅಂದೆ. ಅವರು ನಂಬಲಿಲ್ಲ, ಟೀವಿಯ ಸದ್ದು ಸಣ್ಣದು ಮಾಡಿ ಕೂತರು.

ಆ ಉಬ್ಬು ಏನಕ್ಕೆ? ಬಾಯಿ ಬಿಟ್ಟು ಹೇಳು. ಅಮ್ಮನಿಗೆ ಹೇಳುವುದಕ್ಕೂ ಲೆಕ್ಕಾಚಾರ ಹಾಕಬೇಡ.

ನಿನ್ನ ಅಮ್ಮ


ಮಾರ್ಚ್ ೩

ಅಮ್ಮ,

ಕೇಳಿದ್ದೀಯ, ಹೇಳುತ್ತೇನೆ. ಅಪ್ಪನಿಗೆ ಓದಿ ಹೇಳಬೇಡ.

ಕಾರು ಬಂತು. ಉಬ್ಬು ಎರಡನ್ನೂ ಅರ್ಧಕ್ಕರ್ಧ ಕೊಯ್ದು ತಗ್ಗಿಸಿದ್ದಾರೆ. ನೋಡಲು ನೀನು ಹೇಳಿದ ಹಾಗೇ ಇದೆ, ಗೆರೆ ಎಲ್ಲೂ ಎಡವುವುದಿಲ್ಲ. ಆದರೆ ತೆರೆದ ಕಾರು ಮಗುಚಿದರೆ ಮೇಲೆ ಕಾಪಾಡುವುದಕ್ಕೆ ಏನೂ ಇರುವುದಿಲ್ಲ. ಮುಂದಿನ ಗಾಜಿನ ಚೌಕಟ್ಟು, ಸೀಟಿನ ಹಿಂದಿನ ಉಬ್ಬು, ಇವೆರಡರ ಮೇಲೇ ಕಾರು ನಿಲ್ಲಬೇಕು. ಉಬ್ಬಿನೊಳಗೆ ಉಕ್ಕಿನ ಕಮಾನು ಇದೆ. ಎರಡರ ನಡುವೆ ಇರುವುದು ನಮ್ಮ ತಲೆ.

ಸಾಧಾರಣ ಎತ್ತರದವರಿಗೆ ಇಷ್ಟು ಸಾಕು ಎಂದು ಕಂಪನಿಯವರು ಲೆಕ್ಕ ಹಾಕಿದ್ದಾರೆ. ನಾನು ಅಪ್ಪನ ಮಗ.

ಶೆಡ್ಡಿನ ಮೂಲೆಯಲ್ಲಿ ಒಂದು ನೇರ ಕೋಲಿದೆ. ಹಿಂದೆಲ್ಲ ತೆರೆದ ಕಾರು ಬಂದ ದಿನವೇ ಅದನ್ನು ಗಾಜಿನ ಚೌಕಟ್ಟಿನಿಂದ ಉಬ್ಬಿನವರೆಗೆ ಅಡ್ಡ ಇಡುತ್ತಿದ್ದರಂತೆ. ಓಡಿಸುವವನು ಹೆಲ್ಮೆಟ್ ಹಾಕಿ ಅದರ ಕೆಳಗೆ ಕೂರಬೇಕು. ಹೆಲ್ಮೆಟ್ ಕೋಲಿಗೆ ತಗಲಿದರೆ, ಕಾರು ಮಗುಚಿದಾಗ ಮೊದಲು ನೆಲಕ್ಕೆ ಬಡಿಯುವುದು ತಲೆ. ಈ ಕಾರಿಗೆ ಯಾರೂ ಕೋಲು ಇಟ್ಟು ನೋಡಲಿಲ್ಲ. ಅದು ಗೋಡೆಗೆ ಒರಗಿಕೊಂಡೇ ಇದೆ, ಎಲ್ಲರೂ ಅದರ ಪಕ್ಕದಲ್ಲೇ ಓಡಾಡುತ್ತಾರೆ, ಯಾರೂ ಆ ಕಡೆ ನೋಡುವುದಿಲ್ಲ. ನಾನೂ ಇಟ್ಟು ನೋಡಿಲ್ಲ ಅಮ್ಮ. ನನಗೆ ಕಣ್ಣಳತೆಯಲ್ಲೇ ಗೊತ್ತು. ಇಟ್ಟು ನೋಡಿದರೆ ಖಚಿತವಾಗಿಬಿಡುತ್ತದೆ, ಆಮೇಲೆ ಕಾರು ಹತ್ತುವುದು ಹೇಗೆ?

ಸದ್ಯಕ್ಕೆ ನಿಧಾನವಾಗಿ ಓಡಿಸುತ್ತಿದ್ದೇವೆ. ವೇಗದ ಸುತ್ತುಗಳು ತಿಂಗಳ ಕೊನೆಗೆ. ನನಗೆ ಹೆದರಿಕೆಯಾಗುತ್ತಿದೆ. ಬೆಳಿಗ್ಗೆ ಹೆಲ್ಮೆಟ್ಟಿನ ಪಟ್ಟಿ ಕಟ್ಟಿಕೊಳ್ಳಲು ಬೆರಳು ಬರುವುದಿಲ್ಲ. ಯಜಮಾನರು "ಹೇಗೆ?" ಅಂದಾಗ ದಿನಾ "ಸರಿ" ಅನ್ನುತ್ತೇನೆ.

ನೀನು ಕೈ ಎತ್ತಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ ಮಗ


ಮಾರ್ಚ್ ೧೩

ಮಗನೇ,

ಹಚ್ಚಿಕೊಳ್ಳಬೇಡ ಅಂದರೆ ಆಯಿತೇ? ನಿನ್ನ ಪತ್ರ ಓದಿದಾಗಿನಿಂದ ನನ್ನ ಬಲಗೈ ನೋಡಿದರೆ ನನಗೇ ಸಿಟ್ಟು ಬರುತ್ತದೆ.

ಭಾನುವಾರ ಕ್ಲಬ್ಬಿನ ಸಭೆ ಇತ್ತು, ಡಾಕ್ಟರ ಗ್ಯಾರೇಜಿನಲ್ಲಿ, ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಬಿಸ್ಕೆಟ್ಟು. ಎದ್ದು ನಿಂತು, "ಅವತ್ತು ಎತ್ತಿದ ಕೈನ ವಾಪಸ್ ತಗೋತೀನಿ" ಅಂದೆ.

ಹಾರ್ನ್, "ಕೈ ವಾಪಸ್ ತಗೊಳ್ಳೋದು ಹೇಗಮ್ಮಾ, ಸಾಲ ಕೊಟ್ಟಿದ್ರಾ?" ಅಂದ. ಎಲ್ಲರೂ ನಕ್ಕರು. ನಾನು ನೀನು ಬರೆದದ್ದನ್ನೆಲ್ಲ ಹೇಳಿದೆ, ಹೆಲ್ಮೆಟ್ಟು, ಕೋಲು, ಎಲ್ಲ. ಡಾಕ್ಟರು ಒಳ್ಳೆಯವರೇ, ಮೆತ್ತಗೆ ಹೇಳಿದರು, "ಲಕ್ಷಕ್ಕೊಂದು ಕಾರು ಮಗುಚುತ್ತೆ ಹುಡ್ ಅಮ್ಮ. ಅದಕ್ಕೋಸ್ಕರ ಎಲ್ಲಾ ಕಾರನ್ನೂ ಕುರೂಪ ಮಾಡೋಕಾಗುತ್ತಾ?"

"ಆ ಒಂದರಲ್ಲಿ ನನ್ನ ಮಗ ಇದ್ರೆ?" ಅಂದೆ.

ಯಾರೋ, ಚಕ್ರಕ್ಕೆ ಯಾವ ಬಣ್ಣ ಒಪ್ಪುತ್ತದೆ ಎಂದು ಕೇಳಿದರು. ಮಾತು ಆ ಕಡೆ ಹೋಯಿತು. ಗಡಿಯಾರದಂಗಡಿಯವರು ಮಾತ್ರ ಬಿಸ್ಕೆಟ್ಟು ಕೈಯಲ್ಲೇ ಹಿಡಿದು ನೆಲ ನೋಡುತ್ತ ಕೂತಿದ್ದರು.

ಅವರು ಯಾರೂ ಕೆಟ್ಟವರಲ್ಲ ಕಣೋ. ಅವರ ಜೊತೆ ನಾನೂ ಅವತ್ತು ಬಾಯ್ತುಂಬ ನಕ್ಕವಳೇ. ನಾವೆಲ್ಲ ನೋಡಿದ್ದು ಖಾಲಿ ಕಾರು. ಸೀಟಿನ ಜಾಗಕ್ಕೆ ಕಪ್ಪು ಬಟ್ಟೆ ಮುಚ್ಚಿತ್ತು. ಮನೆಯಲ್ಲಿರುವ ಕಾರಿನ ಪುಸ್ತಕಗಳನ್ನೆಲ್ಲ ತೆಗೆದು ನೋಡಿದೆ, ಒಂದು ಚಿತ್ರದಲ್ಲೂ ಒಳಗೆ ಒಬ್ಬ ಮನುಷ್ಯ ಕೂತಿಲ್ಲ. ಇಷ್ಟು ವರ್ಷ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಕಂಪನಿಗೆ ಫೋನು ಮಾಡಿದರೆ, ಕ್ಲಬ್ಬಿನ ಅಭಿಪ್ರಾಯ ಕ್ಲಬ್ಬಿನಿಂದಲೇ ಬರಬೇಕಂತೆ. ನನ್ನೊಬ್ಬಳ ಕೈ ಇಳಿದರೆ ಏನೂ ಆಗುವುದಿಲ್ಲ. ನಿನ್ನ ಬಾಯಿಂದ ಒಂದು ಮಾತು ಬಂದರೆ ಕಾರು ನಿಲ್ಲುತ್ತದೆ. ಬೇಡ ಅನ್ನು. ನಗುವವರು ನಗಲಿ. ನನ್ನನ್ನೂ ನೋಡಿ ನಕ್ಕರು, ನಾನೇನು ಸವೆದು ಹೋದೆನಾ?

ನಿನ್ನ ಅಮ್ಮ


ಮಾರ್ಚ್ ೩೦

ಮಗನೇ,

ಪತ್ರ ಇಲ್ಲ. ಕಂಪನಿಗೆ ಫೋನು ಮಾಡಿದರೆ ಟ್ರ್ಯಾಕಿನ ಸುದ್ದಿ ಹೊರಗೆ ಹೇಳುವಂತಿಲ್ಲವಂತೆ. ವೇಗದ ಸುತ್ತುಗಳು ತಿಂಗಳ ಕೊನೆಗೆ ಅಂದಿದ್ದೆ.

ಎಷ್ಟು ಮುಚ್ಚಿಟ್ಟರೂ ನಿಮ್ಮಪ್ಪನಿಗೆ ಗೊತ್ತಾಯಿತು. ನಿನ್ನ ಪತ್ರ ಓದಿದರು, ಮಡಚಿ ಇಟ್ಟರು. ಈಗ ಅಂಚೆಯವನು ಬರುವ ಹೊತ್ತಿಗೆ ಗೇಟಿನ ಹತ್ತಿರ ಏನೋ ಕೆಲಸ ಇದ್ದವರ ಹಾಗೆ ನಿಲ್ಲುತ್ತಾರೆ. ಬರಿಗೈಯಲ್ಲಿ ಒಳಗೆ ಬಂದು, "ಗೇಟಿಗೆ ಎಣ್ಣೆ ಹಾಕಬೇಕು" ಅನ್ನುತ್ತಾರೆ. ಹಾಕುವುದಿಲ್ಲ, ಮಾರನೆಯ ದಿನಕ್ಕೆ ನೆಪ ಬೇಕಲ್ಲ.

ರಸ್ತೆಯಲ್ಲಿ ಬ್ರೇಕಿನ ಸದ್ದು ಕೇಳಿದರೆ ಕೈಯಲ್ಲಿದ್ದದ್ದು ಬಿಟ್ಟು ಕಿಟಕಿಗೆ ಓಡುತ್ತೇನೆ. ಎರಡೇ ಸಾಲು ಬರೆ. ಇದ್ದೇನೆ ಅಂತ ಬರೆದರೂ ಸಾಕು.

ಅಮ್ಮ


ಏಪ್ರಿಲ್ ೬

ಅಮ್ಮ,

ಇದ್ದೇನೆ. ಬರೆಯುವಂಥದ್ದು ಏನಾದರೂ ಆಗಲಿ ಎಂದು ಕಾಯುತ್ತಿದ್ದೆ, ತಪ್ಪಾಯಿತು.

ವೇಗದ ಸುತ್ತಿನ ದಿನ ಯಜಮಾನರು ಬಾಗಿಲ ಹತ್ತಿರ ಬಂದು, "ಹೇಗೆ?" ಅಂದರು. "ಬೇಡ" ಅಂದೆ. ಅವರಿಗೆ ಕೇಳಿಸಲಿಲ್ಲ, ಬಗ್ಗಿದರು. ಇನ್ನೊಮ್ಮೆ "ಬೇಡ" ಅಂದೆ. ಅವರು ಕೈ ಒಳಗೆ ಹಾಕಿ ಎಂಜಿನ್ ಆರಿಸಿದರು. ಶೆಡ್ಡಿನಲ್ಲಿ ಎಲ್ಲರ ಕೆಲಸವೂ ನಿಂತಿತು.

ಪದ್ಧತಿಯಂತೆ ಯಾಕೆ ಎಂದು ಅವರು ಕೇಳಲಿಲ್ಲ. ತಾವೇ ಮೂಲೆಗೆ ಹೋಗಿ ಕೋಲು ತಂದರು. ನಾನು ಹೆಲ್ಮೆಟ್ ಹಾಕಿ ಕೂತೆ. ಅವರು ಕೋಲನ್ನು ಗಾಜಿನ ಚೌಕಟ್ಟಿನ ಮೇಲಿಟ್ಟು ಹಿಂದಕ್ಕೆ ಇಳಿಸಿದರು. ಅದರ ತುದಿ ಉಬ್ಬಿಗೆ ಮುಟ್ಟಲೇ ಇಲ್ಲ. ನನ್ನ ಹೆಲ್ಮೆಟ್ಟಿನ ಮೇಲೆ ತಕ್ಕಡಿಯ ದಂಡದ ಹಾಗೆ ತೂಗಾಡುತ್ತ ನಿಂತಿತು. ಯಜಮಾನರು ಕೋಲನ್ನು ಎತ್ತಿಕೊಂಡರು. "ಬಂದ ದಿನವೇ ಇಡಬೇಕಿತ್ತು, ನನಗೂ ಹೆದರಿಕೆಯಾಗಿತ್ತು ಕಣಯ್ಯ" ಅಂದರು, ನನಗೆ ಮಾತ್ರ ಕೇಳುವ ಹಾಗೆ.

ಕಂಪನಿಯವರು ಬಂದರು, ನೋಡಿದರು, ಒಂದು ತೀರ್ಮಾನ ಮಾಡಿದರು. ಮಾರುವ ಕಾರು ಈಗಿರುವ ಹಾಗೇ ಇರುತ್ತದೆ, ಕಾರುಪ್ರಿಯರು ಒಪ್ಪಿದ ಗೆರೆಯನ್ನು ಮುಟ್ಟುವುದಿಲ್ಲ. ಪರೀಕ್ಷೆಯ ಕಾರಿಗೆ ಮಾತ್ರ, ಓಡಿಸುವವನ ಹಿಂದೆ ಮಾತ್ರ, ಎತ್ತರದ ಉಬ್ಬು ಮತ್ತೆ ಕೂರಿಸಿದ್ದಾರೆ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು. ನೀನು ನೋಡಿದರೆ ಕಣ್ಣು ಮುಚ್ಚಿಕೊಳ್ಳುತ್ತೀಯ. ಕೋಲು ಈಗ ತಗಲುವುದಿಲ್ಲ.

ಊಟದ ಮೇಜಿನಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇರುತ್ತದೆ. ಅಳತೆಯ ಪೆಟ್ಟಿಗೆ ಹಿಡಿದು ನನ್ನ ಪಕ್ಕದ ಸೀಟಿನಲ್ಲಿ ಕೂರುವ ಎಂಜಿನಿಯರ್ ಒಬ್ಬನಿದ್ದಾನೆ, ಅವನು ನನಗೆ "ಅಮ್ಮನ ಮಗ" ಎಂದು ಹೆಸರಿಟ್ಟಿದ್ದಾನೆ. ಹೆಸರು ಸುಳ್ಳಲ್ಲವಲ್ಲ, ಸುಮ್ಮನಿದ್ದೇನೆ.

ನಿನ್ನ ಮಗ


ಏಪ್ರಿಲ್ ೧೫

ಮಗನೇ,

ಪತ್ರ ತಂದು ಕೊಟ್ಟು ನಿಮ್ಮಪ್ಪ ಹೋಗಿ ಗೇಟಿಗೆ ಎಣ್ಣೆ ಹಾಕಿದರು. ನಾನು ಅತ್ತೆ. ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಎದ್ದ ಮೇಲೆ ಇನ್ನೊಂದು ಯೋಚನೆ ಹತ್ತಿಕೊಂಡಿತು. ನಿನ್ನ ತಲೆ ಉಳಿಯಿತು, ಸರಿ. ಆ ಪಕ್ಕದ ಸೀಟು? ನಿನಗೆ ಹೆಸರಿಟ್ಟವನಿಗೂ ಎಲ್ಲೋ ಒಬ್ಬ ತಾಯಿ ಇರಬೇಕು. ಅವಳು ಯಾವ ಕ್ಲಬ್ಬಿನಲ್ಲೂ ಕೈ ಎತ್ತಿಲ್ಲ, ಅವಳಿಗೆ ಇದು ಗೊತ್ತೂ ಇಲ್ಲ. ಅವನಿಗೂ ಕೋಲು ಇಟ್ಟು ನೋಡಿ ಎಂದು ಯಜಮಾನರಿಗೆ ಹೇಳು. ನಿನ್ನನ್ನು ಏನಾದರೂ ಅಂದುಕೊಳ್ಳಲಿ.

ನಿನ್ನ ಅಮ್ಮ


ಮೇ ೪

ಅಮ್ಮ,

ಅಕ್ಷರ ನೋಡಿ ಗಾಬರಿಯಾಗಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಮಣಿಕಟ್ಟು ಮುರಿದಿದೆ. ಅದು ಬಿಟ್ಟರೆ ಏನೂ ಆಗಿಲ್ಲ. ಮೊದಲು ಇದನ್ನು ಅಪ್ಪನಿಗೆ ಓದಿ ಹೇಳು, ಆಮೇಲೆ ಮುಂದೆ ಓದು.

ನನ್ನ ಕಿಟಕಿಗೆ ಕಾಣುತ್ತದೆ ಅಂದಿದ್ದೆನಲ್ಲ, ಆ ಕೊನೆಯ ತಿರುವು. ಹಿಂದಿನ ಚಕ್ರವೊಂದು ಕಳಚಿತು. ಕಾರು ಹುಲ್ಲಿಗೆ ಇಳಿದು ಮಗುಚಿತು. ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದೆ. ಎಂಜಿನ್ ನಿಂತಿತ್ತು. ಎಲ್ಲೋ ಎಣ್ಣೆ ತೊಟ್ಟಿಕ್ಕುವ ಸದ್ದು. ಹುಲ್ಲು ಕಣ್ಣಿನ ಹತ್ತಿರದಲ್ಲೇ ಕಾಣುತ್ತಿತ್ತು, ಆದರೂ ತಲೆ ನೆಲಕ್ಕೆ ತಗಲಿರಲಿಲ್ಲ. ನಂಬಿಕೆ ಬರಲಿಲ್ಲ. ಹೆಲ್ಮೆಟ್ಟಿಗೂ ನೆಲಕ್ಕೂ ನಡುವೆ ಎಡಗೈ ತೂರಿಸಿ ನೋಡಿದೆ. ಅಂಗೈ ಹಿಡಿಸಿತು. ಶೆಡ್ಡಿನವರು ಬಂದು ಎತ್ತುವವರೆಗೂ ಕೈಯನ್ನು ಅಲ್ಲೇ ಇಟ್ಟುಕೊಂಡಿದ್ದೆ.

ಆಮೇಲೆ ಪಕ್ಕಕ್ಕೆ ತಿರುಗಿದೆ. ಆ ಕಡೆ ಅಂಗೈ ಅಲ್ಲ, ಬೆರಳೂ ಹಿಡಿಸುತ್ತಿರಲಿಲ್ಲ. ಸೀಟಿನ ತಲೆದಿಂಬು ಮಣ್ಣಿನೊಳಗೆ ಹೂತಿತ್ತು.

ಸೀಟು ಖಾಲಿ ಇತ್ತು. ನಿನ್ನ ಪತ್ರ ಬಂದ ದಿನವೇ ಯಜಮಾನರಿಗೆ ಹೇಳಿದ್ದೆ. ಎಂಜಿನಿಯರ್ "ನನಗೆ ಬೇಡ ಬಿಡಿ, ನಾನು ಗಿಡ್ಡ" ಎಂದು ನಕ್ಕಿದ್ದ. ಯಜಮಾನರು ಕೇಳದೆ ಕೋಲು ಇಟ್ಟರು, ಅವನ ಹೆಲ್ಮೆಟ್ಟಿಗೂ ತಗಲಿತು. ಅವನನ್ನು ಇಳಿಸಿಬಿಟ್ಟಿದ್ದರು.

ಈಗ ಅವನು ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದಾನೆ. ಹಣ್ಣಿನ ಸಿಪ್ಪೆ ಸುಲಿದು ಕೊಡುತ್ತಾನೆ, ನಾನು ತಿನ್ನುವುದಕ್ಕಿಂತ ಬೇಗ ಸುಲಿಯುತ್ತಾನೆ.

ನಿನ್ನ ಮಗ


ಸೆಪ್ಟೆಂಬರ್ ೨೦

ಮಗನೇ,

ಕೈ ವಾಸಿಯಾಗಿ ನೀನು ಮನೆಯಿಂದ ಹೊರಟ ಮೇಲೆ ಇದು ಮೊದಲ ಪತ್ರ. ಹೋಗಬೇಡ ಅನ್ನಬೇಕೆಂದು ನಾಲಿಗೆಯ ತುದಿವರೆಗೂ ಬಂದಿತ್ತು, ನುಂಗಿಕೊಂಡೆ.

ನಿನ್ನ ಕಾರು ಇವತ್ತು ಜನರ ಎದುರಿಗೆ ಬಂತು. ನೋಡಲು ಹೋಗಿದ್ದೆವು. ಹೋಗಿದ್ದೆವು ಅಂದೆ, ಗಮನಿಸಿದೆಯಾ? ನಿಮ್ಮಪ್ಪನೂ ಬಂದಿದ್ದರು. ನಿನ್ನ ಕಾರು ಮಗುಚಿದ ಮೇಲೆ ಕಂಪನಿಯವರು ತೀರ್ಮಾನ ಬದಲಿಸಿದ್ದಾರೆ, ಎರಡು ಉಬ್ಬೂ ಎತ್ತರ, ಎಲ್ಲ ಕಾರಿಗೂ. ಜನ ಬಾಯಿಗೆ ಬಂದದ್ದು ಅನ್ನುತ್ತಿದ್ದರು. ಒಬ್ಬ, "ಒಂಟೆ ಮಾಡಿಟ್ಟಿದ್ದಾರೆ" ಅಂದ. ಇನ್ನೊಬ್ಬ, "ಮುಂದಿಂದ ನೋಡಿದವರು ಹಿಂದಿಂದ ನೋಡ್ಬಾರ್ದು" ಅಂದ. ನಮ್ಮ ಹಾರ್ನ್ ಪಕ್ಕದಲ್ಲೇ ನಿಂತಿದ್ದ, ತುಟಿ ಬಿಚ್ಚಲಿಲ್ಲ. ಡಾಕ್ಟರು ನನ್ನ ಹತ್ತಿರ ಬಂದು ನಿನ್ನ ಮಣಿಕಟ್ಟು ಹೇಗಿದೆ ಎಂದು ಕೇಳಿದರು. ವಿನ್ಯಾಸದ ಹುಡುಗಿ ದೂರದಿಂದ ನೋಡಿದಳು. ನಾನೇ ಹೋಗಿ ಅವಳ ಕೈ ಹಿಡಿದೆ. ಅವತ್ತು ಅವಳ ಮಾತು ಮುಗಿಯಲು ನಾವು ಬಿಡಲಿಲ್ಲವಲ್ಲ, ಇವತ್ತು ಪೂರ್ತಿ ಕೇಳಿಸಿಕೊಂಡೆ.

ನಿಜ ಹೇಳಬೇಕೆಂದರೆ ನನಗೂ ಇನ್ನೂ ಚೆಂದ ಕಾಣಲಿಲ್ಲ. ಗೆರೆ ಅಲ್ಲಿ ಬಂದು ಎಡವುತ್ತದೆ. ಹುಡ್ ಸುಕ್ಕಾಗಿದೆ, ನಾನು ಹೇಳಿದ ಜಾಗದಲ್ಲೇ.

ಕಾವಲಿನವನನ್ನು ಕಾಡಿ ಬೇಡಿ ನಿಮ್ಮಪ್ಪನನ್ನು ಒಳಗೆ ಕೂರಿಸಿದೆ. ಮೊಣಕಾಲು ಗದ್ದಕ್ಕೆ ತಗಲುವ ಹಾಗೆ ಮುದುಡಿಕೊಂಡು ಕೂತರು, ಬೆನ್ನು ನೆಟ್ಟಗೆ ಮಾಡಿ ಅಂದೆ. ಗಾಜಿನ ಚೌಕಟ್ಟಿನಿಂದ ಉಬ್ಬಿನವರೆಗೆ ಕಣ್ಣಲ್ಲೇ ಕೋಲು ಇಟ್ಟೆ. ಅವರ ನೆತ್ತಿಯ ಮೇಲೆ ಬಲಗೈ ಇಟ್ಟು ನೋಡಿದೆ. ಹಿಡಿಸಿತು. ಹೆಲ್ಮೆಟ್ಟಿಗೂ ಜಾಗ ಉಳಿಯಿತು.

ನಿಮ್ಮಪ್ಪ ತಲೆ ಎತ್ತದೆ, "ಹೇಗೆ?" ಅಂದರು. ನಿಮ್ಮ ಶೆಡ್ಡಿನ ಪದ್ಧತಿ ಅವರ ಮನಸ್ಸಿನಲ್ಲಿತ್ತೋ ಇಲ್ಲವೋ, ಕೇಳಲಿಲ್ಲ.

ಹಿಂದೆ ನಿಂತವರು ಬೇಗ ಬೇಗ ಅನ್ನುತ್ತಿದ್ದರು. ನಾನು ಇನ್ನೊಮ್ಮೆ ಕೈ ಇಟ್ಟು ನೋಡಿ, ಆಮೇಲೆ "ಸರಿ" ಅಂದೆ.

ನಿನ್ನ ಅಮ್ಮ